ಆತಂಕದ ಮದ್ದು, ಅದರ ತಡೆಮದ್ದು ಮತ್ತು ಇಲಿಯ ಕಲಿಕೆ

ಒಮ್ಮೆ ಪೆಟ್ಟು ತಿಂದ ಪ್ರಾಣಿ ಎರಡನೆಯ ಪೆಟ್ಟನ್ನು ತಪ್ಪಿಸಿಕೊಳ್ಳಲು ಕಲಿಯುತ್ತದೆ. ಈ ಕಲಿಕೆಯಲ್ಲಿ ಎರಡು ಬಗೆ. ಪೆಟ್ಟು ಬಿದ್ದ ಜಾಗದ ಕಡೆ ಹೋಗದೆ, ಇದ್ದಲ್ಲೇ ಇದ್ದು ಬಚಾವಾಗುವುದು ಒಂದು. ಅಪಾಯದ ಸುಳಿವು ಸಿಕ್ಕ ಕೂಡಲೇ ಎದ್ದು ಬೇರೆಡೆಗೆ ಓಡುವುದು ಇನ್ನೊಂದು. ಮನೋವಿಜ್ಞಾನದಲ್ಲಿ ಮೊದಲನೆಯದಕ್ಕೆ ನಿಷ್ಕ್ರಿಯ ತಪ್ಪಿಸಿಕೊಳ್ಳುವಿಕೆ ಎಂದೂ ಎರಡನೆಯದಕ್ಕೆ ಸಕ್ರಿಯ ತಪ್ಪಿಸಿಕೊಳ್ಳುವಿಕೆ ಎಂದೂ ಹೆಸರು. ಎರಡರಲ್ಲೂ ಇಲಿಯನ್ನು ಕಾಪಾಡುವುದು ಹೆದರಿಕೆಯೇ. ಹಾಗಿದ್ದರೆ ಹೆದರಿಕೆ ತಗ್ಗಿಸುವ ಮದ್ದು ಕೊಟ್ಟಾಗ ಎರಡೂ ಕಲಿಕೆ ಕೆಡಬೇಕಲ್ಲವೇ? ಪ್ರಯೋಗಶಾಲೆಯಲ್ಲಿ ಕಂಡದ್ದು ಹಾಗಲ್ಲ. ಸುಮ್ಮನಿದ್ದು ತಪ್ಪಿಸಿಕೊಳ್ಳುವ ಪಾಠವನ್ನು ಮದ್ದು ಕೆಡಿಸುತ್ತದೆ. ಓಡಿ ತಪ್ಪಿಸಿಕೊಳ್ಳುವ ಪಾಠವನ್ನು ಎಷ್ಟೋ ಸಲ ಸುಧಾರಿಸುತ್ತದೆ. ಹೀಗೇಕೆ ಎಂಬುದನ್ನು ಬಿಡಿಸುವುದರಲ್ಲಿ ಆ ಮದ್ದುಗಳಷ್ಟೇ ಅವುಗಳ ತಡೆಮದ್ದುಗಳೂ ನೆರವಾಗಿವೆ.

ಸುಮ್ಮನಿದ್ದು ತಪ್ಪಿಸಿಕೊಳ್ಳುವ ಪರೀಕ್ಷೆ ಸರಳವಾದದ್ದು. ಒಂದು ಪೆಟ್ಟಿಗೆಯಲ್ಲಿ ಎರಡು ಕೋಣೆ: ಒಂದಕ್ಕೆ ಬೆಳಕು, ಇನ್ನೊಂದಕ್ಕೆ ಕತ್ತಲು. ಇಲಿಗೆ ಕತ್ತಲೆಂದರೆ ಇಷ್ಟ. ಬೆಳಕಿನ ಕೋಣೆಯಲ್ಲಿ ಬಿಟ್ಟರೆ ಕೆಲವೇ ಸೆಕೆಂಡುಗಳಲ್ಲಿ ಕತ್ತಲೆಗೆ ನುಗ್ಗುತ್ತದೆ. ಅಲ್ಲಿ ಕಾಲಡಿಯ ಲೋಹದ ಸರಳುಗಳಿಂದ ಒಂದು ಸಣ್ಣ ಶಾಕ್ ತಗಲುತ್ತದೆ. ಮರುದಿನ ಅದೇ ಇಲಿಯನ್ನು ಅದೇ ಬೆಳಕಿನ ಕೋಣೆಯಲ್ಲಿ ಬಿಟ್ಟು, ಕತ್ತಲೆಗೆ ಹೋಗಲು ಅದು ಎಷ್ಟು ಹೊತ್ತು ಹಿಂದೆ ಮುಂದೆ ನೋಡುತ್ತದೆ ಎಂದು ಅಳೆಯುತ್ತಾರೆ. ಬಹಳ ಹೊತ್ತು ತಡೆದರೆ ನಿನ್ನೆಯ ಶಾಕ್ ನೆನಪಿದೆ ಎಂದರ್ಥ. ಸರ್ರನೆ ನುಗ್ಗಿದರೆ ನೆನಪಿಲ್ಲ ಎಂದರ್ಥ. ಇದರದೇ ಇನ್ನೊಂದು ರೂಪದಲ್ಲಿ ಇಲಿಯನ್ನು ಗಿಡ್ಡ ಹಲಗೆಯೊಂದರ ಮೇಲೆ ನಿಲ್ಲಿಸುತ್ತಾರೆ, ಕೆಳಗಿಳಿದರೆ ಶಾಕ್. ಒಂದೇ ಶಾಕಿಗೆ ಪಾಠ ಮುಗಿಯುವುದರಿಂದ ಈ ಪರೀಕ್ಷೆಗೆ ದೊಡ್ಡ ಅನುಕೂಲವಿದೆ. ಮದ್ದನ್ನು ಪಾಠಕ್ಕೆ ಮುಂಚೆ, ಪಾಠ ಮುಗಿದ ಮೇಲೆ, ಇಲ್ಲವೇ ಮರುದಿನದ ಪರೀಕ್ಷೆಗೆ ಮುಂಚೆ ಕೊಟ್ಟು, ಕಲಿಕೆ, ನೆನಪು ಗಟ್ಟಿಯಾಗುವಿಕೆ, ನೆನಪಿಸಿಕೊಳ್ಳುವಿಕೆ ಈ ಮೂರನ್ನೂ ಬೇರೆ ಬೇರೆಯಾಗಿ ನೋಡಬಹುದು.

ಓಡಿ ತಪ್ಪಿಸಿಕೊಳ್ಳುವ ಪರೀಕ್ಷೆಗೆ ಬಳಸುವುದು ಷಟಲ್ ಪೆಟ್ಟಿಗೆ. ಇದರಲ್ಲೂ ಎರಡು ಕೋಣೆ, ನಡುವೆ ದಾಟಲು ಒಂದು ಕಿಂಡಿ. ದೀಪ ಹೊತ್ತುತ್ತದೆ ಅಥವಾ ಗಂಟೆ ಬಾರಿಸುತ್ತದೆ. ಕೆಲವು ಸೆಕೆಂಡು ಕಳೆದ ಮೇಲೆ ಇಲಿ ನಿಂತ ಕೋಣೆಯ ನೆಲದಲ್ಲಿ ಶಾಕ್ ಹರಿಯುತ್ತದೆ. ಶಾಕ್ ಬಂದ ಮೇಲೆ ಪಕ್ಕದ ಕೋಣೆಗೆ ಹಾರಿದರೆ ಅದು ಪಾರಾಗುವುದು. ಗಂಟೆ ಕೇಳಿದೊಡನೆ, ಶಾಕ್ ಬರುವ ಮೊದಲೇ ಹಾರಿದರೆ ಅದು ತಪ್ಪಿಸಿಕೊಳ್ಳುವುದು. ಈ ವ್ಯತ್ಯಾಸ ಮುಂದೆ ಬಹಳ ಮುಖ್ಯವಾಗುತ್ತದೆ. ಯಾವಾಗಲೂ ಒಂದೇ ದಿಕ್ಕಿಗೆ ಓಡಬೇಕಾದ ಪೆಟ್ಟಿಗೆಯಲ್ಲಿ ಇಲಿ ಕೆಲವೇ ಸರದಿಗಳಲ್ಲಿ ಪಾಠ ಕಲಿಯುತ್ತದೆ. ಎರಡೂ ದಿಕ್ಕಿಗೆ ಓಡಾಡಬೇಕಾದ ಪೆಟ್ಟಿಗೆಯಲ್ಲಿ ಹತ್ತಾರು ಸರದಿ ಬೇಕು. ಕೆಲವು ಇಲಿಗಳು ಕೊನೆಗೂ ಕಲಿಯುವುದಿಲ್ಲ. ಕಾರಣ ಇಷ್ಟೆ: ಈಗ ಓಡಿಹೋಗಬೇಕಾದ ಕೋಣೆಯಲ್ಲೇ ಸ್ವಲ್ಪ ಹೊತ್ತಿಗೆ ಮುಂಚೆ ಶಾಕ್ ತಗಲಿತ್ತು. ಇಲ್ಲಿ ನಿಂತರೆ ಶಾಕ್ ಬರುತ್ತದೆ ಎಂಬ ಭಯ ಒಂದು ಕಡೆ, ಅಲ್ಲಿಗೆ ಹೋಗಲು ಭಯ ಇನ್ನೊಂದು ಕಡೆ. ಇಕ್ಕಟ್ಟಿಗೆ ಸಿಕ್ಕ ಇಲಿ ಮುದುರಿಕೊಂಡು ಮರದಂತೆ ನಿಂತುಬಿಡುತ್ತದೆ.

ಬಾರದೆ ಇರುವ ಶಾಕ್ ಹೇಗೆ ಪಾಠ ಕಲಿಸುತ್ತದೆ ಎಂಬ ಪ್ರಶ್ನೆಗೆ ಅಮೆರಿಕದ ಮನೋವಿಜ್ಞಾನಿ ಓ. ಹೊಬಾರ್ಟ್ ಮೌರರ್ 1947ರಲ್ಲಿ ಎರಡು ಹಂತದ ಉತ್ತರ ಕೊಟ್ಟರು. ಮೊದಲ ಹಂತದಲ್ಲಿ ಗಂಟೆಯ ಸದ್ದಿಗೂ ಶಾಕಿಗೂ ನಂಟು ಬೆಳೆದು, ಸದ್ದೇ ಹೆದರಿಕೆ ಹುಟ್ಟಿಸುತ್ತದೆ. ಎರಡನೆಯ ಹಂತದಲ್ಲಿ ಓಡಿದಾಗ ಸದ್ದು ನಿಲ್ಲುತ್ತದೆ, ಹೆದರಿಕೆ ಇಳಿಯುತ್ತದೆ. ಆ ಇಳಿತವೇ ಓಟಕ್ಕೆ ಸಿಗುವ ಬಹುಮಾನ. ನೀಲ್ ಮಿಲ್ಲರ್ 1948ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಬಲ ಕೊಟ್ಟಿತು. ಬಿಳಿ ಕೋಣೆಯಲ್ಲಿ ಶಾಕ್ ತಿಂದಿದ್ದ ಇಲಿಗಳು, ಶಾಕ್ ಸಂಪೂರ್ಣ ನಿಂತ ಮೇಲೂ, ಅಲ್ಲಿಂದ ಹೊರಬೀಳಲು ಚಕ್ರ ತಿರುಗಿಸುವಂಥ ಹೊಸ ಕೆಲಸಗಳನ್ನು ಕಲಿತವು. 1970ರಲ್ಲಿ ರಾಬರ್ಟ್ ಬೋಲ್ಸ್ ಇದಕ್ಕೊಂದು ತಿದ್ದುಪಡಿ ತಂದರು. ಹೆದರಿದ ಪ್ರಾಣಿ ಏನು ಬೇಕಾದರೂ ಮಾಡಲಾರದು. ಓಡುವುದು, ಹೆಪ್ಪುಗಟ್ಟಿ ನಿಲ್ಲುವುದು, ಎದುರು ಬೀಳುವುದು ಇಂಥ ಹುಟ್ಟುಗುಣಗಳಲ್ಲಿ ಒಂದನ್ನು ಮಾತ್ರ ಮಾಡುತ್ತದೆ. ಆದ್ದರಿಂದ ಹೆದರಿಕೆ ಹೆಚ್ಚಿದಷ್ಟೂ ಓಟ ಹೆಚ್ಚುತ್ತದೆ ಎಂದು ಹೇಳುವಂತಿಲ್ಲ. ಹೆದರಿಕೆ ಇಲಿಯನ್ನು ಓಡಿಸಲೂ ಬಹುದು, ನಿಲ್ಲಿಸಲೂ ಬಹುದು.

ಮದ್ದುಗಳ ಕಥೆ ಈ ಪೆಟ್ಟಿಗೆಗಳೊಳಗೆ ಬಂದದ್ದು 1950ರ ದಶಕದಲ್ಲಿ. ಫ್ರಾನ್ಸಿನ ರೋನ್-ಪುಲಾಂಕ್ ಕಂಪನಿಯಲ್ಲಿ 1950ರ ಡಿಸೆಂಬರಿನಲ್ಲಿ ಕ್ಲೋರ್‌ಪ್ರೊಮಜೀನ್ ತಯಾರಾಯಿತು. ಅದೇ ಸಂಸ್ಥೆಯ ಸಿಮೋನ್ ಕೂರ್ವಾಸಿಯೆ ಮತ್ತು ಸಂಗಡಿಗರು 1953ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದರು. ಗಂಟೆ ಕೇಳಿದೊಡನೆ ಹಗ್ಗ ಹತ್ತಿ ಶಾಕ್ ತಪ್ಪಿಸಿಕೊಳ್ಳಲು ಕಲಿತಿದ್ದ ಇಲಿಗಳು ಈ ಮದ್ದು ಕೊಟ್ಟ ಮೇಲೆ ಗಂಟೆಗೆ ಕಿವಿಗೊಡಲಿಲ್ಲ. ಆದರೆ ಶಾಕ್ ತಗಲಿದಾಗ ಹಗ್ಗ ಹತ್ತಿ ಪಾರಾಗುವ ಶಕ್ತಿ ಅವಕ್ಕೆ ಇತ್ತು. ಕೈಕಾಲಿಗೆ ಏನೂ ಆಗಿಲ್ಲ, ಎಚ್ಚರಿಕೆಗೆ ಓಗೊಡುವ ಗುಣ ಮಾತ್ರ ಹೋಗಿದೆ ಎಂದಾಯಿತು. ನಮ್ಮ ಸರ್ಪಗಂಧಿಯ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪಿನ್ ಕೂಡ ಇದೇ ಪರಿಣಾಮ ತೋರಿತು. ಇವೆರಡೂ ಮೆದುಳಿನ ಡೋಪಮೀನ್ ವ್ಯವಸ್ಥೆಯನ್ನು ತಗ್ಗಿಸುವ ಮದ್ದುಗಳೆಂದು ಆಮೇಲೆ ತಿಳಿಯಿತು. ತೀವ್ರ ಮನೋರೋಗಕ್ಕೆ ಇಂಥ ಹೊಸ ಮದ್ದು ಹುಡುಕುವವರಿಗೆ ಇಲಿಯ ಈ ಪರೀಕ್ಷೆ ದಶಕಗಳ ಕಾಲ ಜರಡಿಯಾಗಿ ಒದಗಿತು.

ಆತಂಕದ ಮದ್ದುಗಳು ಈ ಜರಡಿಯಲ್ಲಿ ಬೇರೆಯಾಗಿಯೇ ನಿಂತವು. ಅಮೆರಿಕದ ನ್ಯೂಜೆರ್ಸಿಯ ನಟ್ಲಿಯಲ್ಲಿದ್ದ ಹಾಫ್‌ಮನ್-ಲಾ ರೋಶ್ ಪ್ರಯೋಗಶಾಲೆಯಲ್ಲಿ ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನವಿಜ್ಞಾನಿ 1950ರ ದಶಕದ ನಡುವೆ ತಯಾರಿಸಿ ಬದಿಗಿಟ್ಟಿದ್ದ ಒಂದು ಪುಡಿಯನ್ನು 1957ರಲ್ಲಿ ಲೋವೆಲ್ ರ್‍ಯಾಂಡಲ್ ಪ್ರಾಣಿಗಳ ಮೇಲೆ ಪರೀಕ್ಷಿಸಿದರು. ಅದೇ ಕ್ಲೋರ್‌ಡಯಾಜೆಪಾಕ್ಸೈಡ್. 1960ರಲ್ಲಿ ಲಿಬ್ರಿಯಂ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. 1963ರಲ್ಲಿ ಅದರ ತಮ್ಮನಂತೆ ಡಯಾಜೆಪಾಮ್, ಅಂದರೆ ವೇಲಿಯಂ ಬಂತು. ಬೆಂಜೊಡಯಾಜೆಪೈನ್ ಎಂಬ ಈ ಕುಟುಂಬದ ಮದ್ದುಗಳು ಚೆನ್ನಾಗಿ ಕಲಿತ ಇಲಿಯ ಓಟವನ್ನು ಸಾಮಾನ್ಯ ಪ್ರಮಾಣದಲ್ಲಿ ಕೆಡಿಸಲಿಲ್ಲ. ಪ್ರಮಾಣ ಏರಿಸುತ್ತ ಹೋದರೆ ಓಟವೇನೋ ಕೆಟ್ಟಿತು. ಆದರೆ ಆ ಹೊತ್ತಿಗೆ ಇಲಿ ಕಾಲು ಸೋತು ತೂರಾಡುತ್ತ, ಶಾಕ್ ಬಂದ ಮೇಲೂ ಪಾರಾಗಲಾರದೆ ಇತ್ತು. ಅಂದರೆ ಕೆಟ್ಟದ್ದು ಸ್ನಾಯುಗಳ ಹಿಡಿತ. ಹೀಗೆ ಇಲಿಯ ಪೆಟ್ಟಿಗೆಯೇ ಮನೋರೋಗದ ಮದ್ದನ್ನೂ ಆತಂಕದ ಮದ್ದನ್ನೂ ಬೇರೆ ಬೇರೆ ಗುಂಪಾಗಿ ಗುರುತಿಸಿಕೊಟ್ಟಿತು.

ಆತಂಕದ ಮದ್ದಿನ ನಿಜವಾದ ಗುರುತು ಸಿಕ್ಕಿದ್ದು ಶಿಕ್ಷೆಯಿಂದ ತಡೆಹಿಡಿದ ನಡೆಯಲ್ಲಿ. 1960ರಲ್ಲಿ ಗೆಲ್ಲರ್ ಮತ್ತು ಸೈಫ್ಟರ್ ರೂಪಿಸಿದ ಪರೀಕ್ಷೆಯಲ್ಲಿ ಹಸಿದ ಇಲಿ ಸನ್ನೆ ಒತ್ತಿದರೆ ಆಹಾರ ಸಿಗುತ್ತದೆ, ಆದರೆ ಒಂದು ಸದ್ದು ಕೇಳುತ್ತಿರುವಾಗ ಒತ್ತಿದರೆ ಆಹಾರದ ಜೊತೆಗೆ ಶಾಕೂ ಸಿಗುತ್ತದೆ. ಮದ್ದಿಲ್ಲದ ಇಲಿ ಸದ್ದು ಕೇಳುವಾಗ ಕೈಕಟ್ಟಿ ಕೂರುತ್ತದೆ. ಆತಂಕ ತಗ್ಗಿಸುವ ಮದ್ದು ಕೊಟ್ಟ ಇಲಿ ಶಾಕ್ ಲೆಕ್ಕಿಸದೆ ಒತ್ತುತ್ತದೆ. 1971ರಲ್ಲಿ ವೋಗೆಲ್ ಮತ್ತು ಸಂಗಡಿಗರು ಬಾಯಾರಿದ ಇಲಿ ಮತ್ತು ನೀರಿನ ನಳಿಕೆಯನ್ನು ಬಳಸಿ ಇದನ್ನೇ ಸುಲಭ ಮಾಡಿದರು. ಶಿಕ್ಷೆಯ ಭಯದಿಂದ ಕೈ ಹಿಂದೆಗೆಯುವ ಗುಣವನ್ನು ಈ ಮದ್ದು ಸಡಿಲಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಸುಮ್ಮನಿದ್ದು ತಪ್ಪಿಸಿಕೊಳ್ಳುವುದೂ ಇಂಥದೇ ಹಿಂದೆಗೆತ. ಆದ್ದರಿಂದ ಮದ್ದು ಆ ಪಾಠವನ್ನು ಕೆಡಿಸುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅದು ಎಲ್ಲಿ ಕೆಡಿಸುತ್ತದೆ? ಪಾಠಕ್ಕೆ ಅರ್ಧ ಗಂಟೆ ಮುಂಚೆ ಡಯಾಜೆಪಾಮ್ ಕೊಟ್ಟ ಇಲಿ ಶಾಕ್ ತಗಲಿದಾಗ ಕೀಚುತ್ತದೆ, ಜಿಗಿಯುತ್ತದೆ; ನೋವು ತಿಳಿಯದೆ ಇಲ್ಲ. ಮರುದಿನ ಮದ್ದಿನ ಅಮಲು ಇಳಿದ ಮೇಲೆ ಬೆಳಕಿನ ಕೋಣೆಯಲ್ಲಿ ಬಿಟ್ಟರೆ ಏನೂ ನಡೆದಿಲ್ಲವೆಂಬಂತೆ ಕತ್ತಲೆಗೆ ನಡೆದುಹೋಗುತ್ತದೆ. ಅದೇ ಮದ್ದನ್ನು ಪಾಠ ಮುಗಿದ ಮೇಲೆ ಕೊಟ್ಟರೆ ನೆನಪು ಸಾಮಾನ್ಯವಾಗಿ ಕೆಡುವುದಿಲ್ಲ. ಮದ್ದು ಒಳಗಿದ್ದಾಗ ನಡೆದದ್ದು ಮಾತ್ರ ಮರೆತುಹೋಗುತ್ತದೆ. ಅದಕ್ಕೆ ಮುಂಚಿನದು ಉಳಿಯುತ್ತದೆ. ಶಸ್ತ್ರಕ್ರಿಯೆಗೆ ಮುಂಚೆ ಇದೇ ಕುಟುಂಬದ ಮಿಡಜೊಲಾಮ್ ಚುಚ್ಚಿಸಿಕೊಂಡ ರೋಗಿಗಳಲ್ಲಿ ಕಾಣುವುದೂ ಇದೇ ಬಗೆಯ ಮುಮ್ಮುಖ ಮರೆವು. ಎಚ್ಚರದಲ್ಲೇ ಇದ್ದು ವೈದ್ಯರ ಮಾತಿಗೆ ಉತ್ತರ ಕೊಟ್ಟಿದ್ದರೂ ಆಮೇಲೆ ಅದರ ನೆನಪು ಅವರಿಗೆ ಇರುವುದಿಲ್ಲ.

ಇಲ್ಲಿ ಒಂದು ಸಂಶಯ ಉಳಿಯುತ್ತದೆ. ಮದ್ದಿನಲ್ಲಿ ಕಲಿತದ್ದು ಮದ್ದು ಇದ್ದಾಗಲೇ ನೆನಪಾಗುವ ಗುಣವೂ ಪ್ರಾಣಿಗಳಲ್ಲಿ ಇದೆ. 1964ರಲ್ಲಿ ಡೊನಾಲ್ಡ್ ಓವರ್ಟನ್ ಪೆಂಟೊಬಾರ್ಬಿಟಾಲ್ ಎಂಬ ನಿದ್ದೆಮದ್ದು ಕೊಟ್ಟ ಇಲಿಗಳಲ್ಲಿ ಇದನ್ನು ಖಚಿತವಾಗಿ ತೋರಿಸಿದ್ದರು. ಹಾಗಾದರೆ ಡಯಾಜೆಪಾಮ್ ಕೊಟ್ಟ ಇಲಿ ನಿಜಕ್ಕೂ ಮರೆತಿದೆಯೇ, ಅಥವಾ ನೆನಪು ಇದ್ದೂ ಮದ್ದಿಲ್ಲದ ಸ್ಥಿತಿಯಲ್ಲಿ ಕೈಗೆ ಸಿಗುತ್ತಿಲ್ಲವೇ? ಪಾಠದ ದಿನ, ಪರೀಕ್ಷೆಯ ದಿನ ಎರಡೂ ಸಲ ಮದ್ದು ಕೊಟ್ಟು ನೋಡುವುದು ಇದಕ್ಕೆ ಇರುವ ದಾರಿ. ಒಂದೇ ಪಾಠದ ಈ ಪರೀಕ್ಷೆಯಲ್ಲಿ ಹಾಗೆ ಕೊಟ್ಟಾಗಲೂ ಬಹುಮಟ್ಟಿಗೆ ನೆನಪು ಮರಳುವುದಿಲ್ಲ. ನೆನಪು ರೂಪುಗೊಳ್ಳುವ ಹಂತದಲ್ಲೇ ಮದ್ದು ಅಡ್ಡ ಬಂದಿದೆ ಎನ್ನಲು ಇದು ಆಧಾರ.

ಷಟಲ್ ಪೆಟ್ಟಿಗೆಯಲ್ಲಿ ಹೊಸದಾಗಿ ಕಲಿಯುವ ಇಲಿಯ ಕಥೆ ಬೇರೆ. ತೂರಾಡದಷ್ಟು ಸಣ್ಣ ಪ್ರಮಾಣದಲ್ಲಿ ಬೆಂಜೊಡಯಾಜೆಪೈನ್ ಕೊಟ್ಟ ಇಲಿಗಳು ಮದ್ದಿಲ್ಲದ ಇಲಿಗಳಿಗಿಂತ ಬೇಗ ಓಡಲು ಕಲಿಯುತ್ತವೆ. ಮದ್ದು ಜಾಣತನ ಕೊಟ್ಟಿತು ಎಂದು ಇದರ ಅರ್ಥವಲ್ಲ. ಪಕ್ಕದ ಕೋಣೆಯ ಭಯ ಇಳಿದಿದೆ, ಮುದುರಿ ನಿಲ್ಲುವ ಚಾಳಿ ಸಡಿಲವಾಗಿದೆ. ಆದ್ದರಿಂದ ಕಾಲು ಬೇಗ ಏಳುತ್ತದೆ. ರೋಮ್ ನಗರದಲ್ಲಿ ಜಾರ್ಜೊ ಬಿನ್ಯಾಮಿ 1965ರಲ್ಲಿ ಪ್ರಕಟಿಸಿದ ಆಯ್ದ ತಳಿಗಳು ಈ ವಿವರಣೆಗೆ ಹೊಂದುತ್ತವೆ. ಷಟಲ್ ಪೆಟ್ಟಿಗೆಯಲ್ಲಿ ಬೇಗ ಕಲಿಯುವ ಇಲಿಗಳನ್ನು ಒಂದು ಸಾಲಾಗಿ, ಕಲಿಯದ ಇಲಿಗಳನ್ನು ಇನ್ನೊಂದು ಸಾಲಾಗಿ ತಲೆಮಾರುಗಳ ಕಾಲ ಬೆಳೆಸಿದಾಗ, ಕಲಿಯದ ಸಾಲಿನ ಇಲಿಗಳು ದಡ್ಡವಾಗಿರಲಿಲ್ಲ. ಅವು ಹೆಚ್ಚು ಹೆದರಿ ಹೆಪ್ಪುಗಟ್ಟುವ ಸ್ವಭಾವದವಾಗಿದ್ದವು.

ಬ್ರಿಟನ್ನಿನ ಜೆಫ್ರಿ ಗ್ರೇ 1982ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಈ ಎಲ್ಲ ಸಂಗತಿಗಳನ್ನು ಒಂದು ಸೂತ್ರಕ್ಕೆ ತಂದರು. ಮೆದುಳಿನ ಸೆಪ್ಟಮ್ ಮತ್ತು ಹಿಪೊಕ್ಯಾಂಪಸ್ ಎಂಬ ಭಾಗಗಳಿಗೆ ಗಾಯವಾದ ಇಲಿಗಳು ಸುಮ್ಮನಿದ್ದು ತಪ್ಪಿಸಿಕೊಳ್ಳುವುದರಲ್ಲಿ ಸೋಲುತ್ತವೆ, ಎರಡು ದಿಕ್ಕಿನ ಷಟಲ್ ಪೆಟ್ಟಿಗೆಯಲ್ಲಿ ಗೆಲ್ಲುತ್ತವೆ ಎಂದು ಅದಾಗಲೇ ಗೊತ್ತಿತ್ತು. ಆತಂಕದ ಮದ್ದು ಕೊಟ್ಟ ಇಲಿಯೂ ಹಾಗೆಯೇ ನಡೆದುಕೊಳ್ಳುತ್ತದೆ. ಆದ್ದರಿಂದ ಮೆದುಳಿನಲ್ಲಿ ನಡೆಯನ್ನು ತಡೆಹಿಡಿಯುವ ಒಂದು ವ್ಯವಸ್ಥೆ ಇದೆ, ಆತಂಕವೆಂದರೆ ಆ ವ್ಯವಸ್ಥೆಯ ಚಟುವಟಿಕೆ, ಮದ್ದು ಅದನ್ನೇ ತಗ್ಗಿಸುತ್ತದೆ ಎಂಬುದು ಗ್ರೇ ಅವರ ವಾದ. ಹೆದರಿಕೆಯ ಕೇಂದ್ರವೆಂದು ಹೆಸರಾದ ಅಮಿಗ್ಡಲಾಕ್ಕೆ ಈ ವಾದದಲ್ಲಿ ಸಿಕ್ಕ ಜಾಗ ಕಡಿಮೆ ಎಂಬ ಟೀಕೆ ಆಮೇಲೆ ಬಂತು. ಆದರೂ ಎರಡು ಪೆಟ್ಟಿಗೆಗಳ ಪರಸ್ಪರ ವಿರುದ್ಧವಾದ ಫಲಿತಾಂಶಕ್ಕೆ ಅದು ಕೊಟ್ಟ ವಿವರಣೆ ಉಳಿದಿದೆ.

ಮದ್ದು ಮೆದುಳಿನಲ್ಲಿ ಎಲ್ಲಿ ಅಂಟಿಕೊಳ್ಳುತ್ತದೆ ಎಂಬುದು 1977ರವರೆಗೆ ಗೊತ್ತಿರಲಿಲ್ಲ. ಆ ವರ್ಷ ಡೆನ್ಮಾರ್ಕಿನಲ್ಲಿ ಸ್ಕ್ವೈರ್ಸ್ ಮತ್ತು ಬ್ರೇಸ್ಟ್ರುಪ್, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮೋಲರ್ ಮತ್ತು ಒಕಾಡ ಬೇರೆ ಬೇರೆಯಾಗಿ ಬೆಂಜೊಡಯಾಜೆಪೈನ್ ಗ್ರಾಹಕವನ್ನು ಗುರುತಿಸಿದರು. ಅದು ಗ್ಯಾಬಾ ಎಂಬ ನರವಾಹಕದ ಗ್ರಾಹಕದಲ್ಲೇ ಇರುವ ಒಂದು ತಾಣ. ಗ್ಯಾಬಾ ಮೆದುಳಿನ ಮುಖ್ಯ ಶಾಮಕ ರಾಸಾಯನಿಕ. ಐದು ಪ್ರೋಟೀನ್ ತುಂಡುಗಳು ಸುತ್ತುವರಿದು ನಡುವೆ ಒಂದು ನಾಳ ಬಿಟ್ಟ ರಚನೆ ಅದರ ಗ್ರಾಹಕದ್ದು. ಗ್ಯಾಬಾ ಬಂದು ಕೂತಾಗ ನಾಳ ತೆರೆದು ಕ್ಲೋರೈಡ್ ಅಯಾನುಗಳು ನರಕೋಶದೊಳಗೆ ಹೋಗುತ್ತವೆ, ಕೋಶದ ಚಟುವಟಿಕೆ ತಗ್ಗುತ್ತದೆ. ಬೆಂಜೊಡಯಾಜೆಪೈನ್ ತಾನಾಗಿ ನಾಳ ತೆರೆಯುವುದಿಲ್ಲ. ಆಲ್ಫಾ ಮತ್ತು ಗ್ಯಾಮಾ ತುಂಡುಗಳ ಸಂದಿನಲ್ಲಿ ಕೂತು, ಗ್ಯಾಬಾ ಇರುವಾಗ ನಾಳ ಹೆಚ್ಚು ಸಲ ತೆರೆಯುವಂತೆ ಮಾಡುತ್ತದೆ. ಪೆಂಟೊಬಾರ್ಬಿಟಾಲ್‌ನಂಥ ಬಾರ್ಬಿಟುರೇಟುಗಳು ಕೂರುವ ತಾಣವೇ ಬೇರೆ. ಅವು ನಾಳ ತೆರೆದಿರುವ ಹೊತ್ತನ್ನು ಹಿಗ್ಗಿಸುತ್ತವೆ, ಪ್ರಮಾಣ ಹೆಚ್ಚಾದರೆ ಗ್ಯಾಬಾ ಇಲ್ಲದೆಯೂ ತೆರೆಯುತ್ತವೆ. ನಿದ್ದೆಮಾತ್ರೆಯಾಗಿ ಬಾರ್ಬಿಟುರೇಟುಗಳು ಬೆಂಜೊಡಯಾಜೆಪೈನ್‌ಗಳಿಗಿಂತ ಹೆಚ್ಚು ಅಪಾಯಕಾರಿ ಆಗಿರಲು ಇದೇ ಕಾರಣ.

ತಾಣ ತಿಳಿದ ಮೇಲೆ ತಡೆಮದ್ದಿನ ಸರದಿ. ಬಾಸೆಲ್‌ನ ರೋಶ್ ಪ್ರಯೋಗಶಾಲೆಯಲ್ಲಿ ವಾಲ್ಟರ್ ಹುಂಕೆಲರ್, ವಿಲ್ಲಿ ಹೇಫೆಲಿ ಮತ್ತು ಸಂಗಡಿಗರು 1981ರಲ್ಲಿ ಆರ್‌ಒ 15-1788 ಎಂಬ ಸಂಯುಕ್ತವನ್ನು ಪ್ರಕಟಿಸಿದರು. ಇದರ ಈಗಿನ ಹೆಸರು ಫ್ಲುಮಜೆನಿಲ್. ಅದು ಬೆಂಜೊಡಯಾಜೆಪೈನ್ ತಾಣದಲ್ಲೇ ಬಿಗಿಯಾಗಿ ಕೂರುತ್ತದೆ, ಆದರೆ ನಾಳದ ಮೇಲೆ ತಾನು ಹೇಳಿಕೊಳ್ಳುವಂಥ ಪರಿಣಾಮ ಮಾಡುವುದಿಲ್ಲ; ಬೀಗದೊಳಗೆ ಹೋಗಿ ತಿರುಗದೆ ಉಳಿದ ಕೀಲಿಯಂತೆ, ಬೇರೆ ಕೀಲಿಗೆ ಜಾಗವಿಲ್ಲದಂತೆ ಮಾಡುತ್ತದೆ ಅಷ್ಟೆ. ಡಯಾಜೆಪಾಮ್ ಜೊತೆಗೆ ಇದನ್ನೂ ಕೊಟ್ಟ ಇಲಿ ಮರುದಿನ ಕತ್ತಲೆ ಕೋಣೆಯ ಬಾಗಿಲಲ್ಲಿ ತಡೆದು ನಿಂತಿತು; ಶಿಕ್ಷೆಯ ಸದ್ದು ಕೇಳುವಾಗ ಸನ್ನೆ ಒತ್ತುವುದನ್ನು ಬಿಟ್ಟಿತು. ಮರೆವೂ ಧೈರ್ಯವೂ ಎರಡೂ ಆ ಒಂದು ತಾಣದ ಮೂಲಕವೇ ಬಂದವು ಎಂಬುದಕ್ಕೆ ಇದು ನೇರ ಸಾಕ್ಷಿ. ಬಾರ್ಬಿಟುರೇಟಿನ ಪರಿಣಾಮವನ್ನು ಫ್ಲುಮಜೆನಿಲ್ ತಡೆಯುವುದಿಲ್ಲ ಎಂಬುದು ಈ ಸಾಕ್ಷಿಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಅದೇ ಹೊತ್ತಿಗೆ ಇನ್ನೊಂದು ಬಗೆಯ ಸಂಯುಕ್ತಗಳೂ ಬೆಳಕಿಗೆ ಬಂದವು. 1980ರಲ್ಲಿ ಬ್ರೇಸ್ಟ್ರುಪ್ ಮತ್ತು ನೀಲ್ಸನ್ ತಂಡ ಮನುಷ್ಯರ ಮೂತ್ರದಿಂದ ಬೀಟಾ-ಕಾರ್ಬೊಲಿನ್ ಗುಂಪಿನ ಒಂದು ವಸ್ತುವನ್ನು ಬೇರ್ಪಡಿಸಿತು. ಮೆದುಳಿನದೇ ಸ್ವಂತ ಆತಂಕದ ಮದ್ದು ಸಿಕ್ಕಿತು ಎಂಬ ಆಸೆ ಹುಟ್ಟಿತು. ಬೇರ್ಪಡಿಸುವ ಕ್ರಮದಲ್ಲೇ ಅದು ಉಂಟಾದದ್ದು ಎಂದು ಆಮೇಲೆ ತಿಳಿದು ಆಸೆ ಮುರಿಯಿತು. ಆದರೆ ಈ ಗುಂಪಿನ ನಡವಳಿಕೆ ಹೊಸದಾಗಿತ್ತು. ಅವೂ ಬೆಂಜೊಡಯಾಜೆಪೈನ್ ತಾಣದಲ್ಲೇ ಕೂರುತ್ತವೆ, ಆದರೆ ನಾಳ ತೆರೆಯುವುದನ್ನು ಕಡಿಮೆ ಮಾಡುತ್ತವೆ. ಆತಂಕ ಹೆಚ್ಚಿಸುತ್ತವೆ, ಪ್ರಮಾಣ ಏರಿದರೆ ಸೆಳೆತ ತರುತ್ತವೆ. ಇವನ್ನು ವಿಲೋಮ ಮದ್ದುಗಳು ಎನ್ನಬಹುದು. ಎಫ್‌ಜಿ 7142 ಎಂಬ ಇಂಥ ಒಂದು ಸಂಯುಕ್ತವನ್ನು ಸ್ವಇಚ್ಛೆಯಿಂದ ಮುಂದೆ ಬಂದ ಕೆಲವರಿಗೆ ಕೊಟ್ಟಾಗ ಅವರಲ್ಲಿ ತೀವ್ರ ಆತಂಕ ಉಂಟಾದದ್ದು 1983ರಲ್ಲಿ ವರದಿಯಾಯಿತು. ಹೀಗೆ ಒಂದೇ ತಾಣಕ್ಕೆ ಮೂರು ಬಗೆಯ ಮದ್ದು ಸಿಕ್ಕವು: ಆತಂಕ ಇಳಿಸುವುದು, ಆತಂಕ ಏರಿಸುವುದು, ಎರಡನ್ನೂ ತಡೆಯುವುದು. ವಿಲೋಮ ಮದ್ದಿನ ಪರಿಣಾಮವನ್ನೂ ಫ್ಲುಮಜೆನಿಲ್ ಅಳಿಸುತ್ತದೆ ಎಂಬುದು ಗಮನಿಸಬೇಕಾದ ಸಂಗತಿ.

ವಿಲೋಮ ಮದ್ದು ಆತಂಕ ಹೆಚ್ಚಿಸುವುದಾದರೆ ಕಲಿಕೆಯನ್ನು ಏನು ಮಾಡುತ್ತದೆ? ಫ್ರಾನ್ಸಿನಲ್ಲಿ ವೆನೋ ಮತ್ತು ಸಂಗಡಿಗರು 1986ರಲ್ಲಿ, ಬೆಂಜೊಡಯಾಜೆಪೈನ್ ಕಲಿಕೆಯನ್ನು ಕೆಡಿಸಿದರೆ ಬೀಟಾ-ಕಾರ್ಬೊಲಿನ್ ಅದನ್ನು ಸುಧಾರಿಸುತ್ತದೆ ಎಂದು ತೋರಿಸಿದರು. ಅವರ ಪ್ರಯೋಗಗಳು ಚಿಟ್ಟಿಲಿಗಳಲ್ಲೂ ಕೋಳಿಮರಿಗಳಲ್ಲೂ ನಡೆದವು. ಆತಂಕವೂ ಕಲಿಕೆಯೂ ಒಟ್ಟಿಗೆ ಏರಿಳಿಯುತ್ತವೆ ಎಂಬ ಚಿತ್ರ ಇದರಿಂದ ಮೂಡಿತು. ಆದರೆ ಇದಕ್ಕೆ ಮಿತಿಯಿದೆ. ಹೆದರಿಕೆ ಅತಿಯಾದರೆ ಓಡಿ ತಪ್ಪಿಸಿಕೊಳ್ಳುವ ಶಕ್ತಿಯೇ ಕುಸಿಯುತ್ತದೆ. ಪಾರಾಗಲಾಗದ ಶಾಕ್ ತಿಂದ ಇಲಿಯನ್ನು ಮರುದಿನ ಷಟಲ್ ಪೆಟ್ಟಿಗೆಯಲ್ಲಿ ಬಿಟ್ಟರೆ, ಪಾರಾಗುವ ದಾರಿ ಎದುರಿಗೇ ಇದ್ದರೂ ಅದು ಕೂತಲ್ಲೇ ಕೂರುತ್ತದೆ. ಇದಕ್ಕೆ ಕಲಿತ ಅಸಹಾಯಕತೆ ಎಂದು ಹೆಸರು. ಸ್ಟೀವನ್ ಮೇಯರ್, ರಾಬರ್ಟ್ ಡ್ರೂಗನ್ ಮೊದಲಾದವರು 1984–85ರಲ್ಲಿ ಎರಡು ಸಂಗತಿ ವರದಿ ಮಾಡಿದರು. ಪಾರಾಗಲಾಗದ ಶಾಕಿಗೆ ಮುಂಚೆ ಲಿಬ್ರಿಯಂ ಕೊಟ್ಟರೆ ಮರುದಿನ ಈ ಅಸಹಾಯಕತೆ ಕಾಣುವುದಿಲ್ಲ. ಶಾಕ್ ಕೊಡದೆ ಎಫ್‌ಜಿ 7142 ಮಾತ್ರ ಕೊಟ್ಟರೂ ಮರುದಿನ ಅಸಹಾಯಕತೆ ಕಾಣುತ್ತದೆ. ಮುಂಚೆಯೇ ಫ್ಲುಮಜೆನಿಲ್ ಕೊಟ್ಟಿದ್ದರೆ ಕಾಣುವುದಿಲ್ಲ.

ತಡೆಮದ್ದನ್ನು ಒಂಟಿಯಾಗಿ ಕೊಟ್ಟಾಗ ಏನಾಗುತ್ತದೆ ಎಂಬುದು ಹೆಚ್ಚು ಸೂಕ್ಷ್ಮ ಪ್ರಶ್ನೆ. ಫ್ಲುಮಜೆನಿಲ್ ಬರೇ ತಡೆಯುವ ಮದ್ದೇ ಆಗಿದ್ದರೆ, ತಡೆಯಲು ಏನೂ ಇಲ್ಲದಾಗ ಅದು ಏನೂ ಮಾಡಬಾರದು. ಎಷ್ಟೋ ಪ್ರಯೋಗಗಳಲ್ಲಿ ಕಂಡದ್ದು ಅದೇ. ಆದರೆ ಬ್ರೆಜಿಲ್ಲಿನ ಪೋರ್ಟೊ ಅಲೆಗ್ರೆಯಲ್ಲಿ ಇವಾನ್ ಇಸ್ಕಿಯೆರ್ದೊ ಮತ್ತು ಬ್ಯೂನಸ್ ಐರಿಸ್‌ನಲ್ಲಿ ಹೋರ್ಹೆ ಮೆದಿನಾ ತಂಡಗಳು ಪಾಠದ ನಂತರ ಫ್ಲುಮಜೆನಿಲನ್ನು ನೇರವಾಗಿ ಇಲಿಯ ಅಮಿಗ್ಡಲಾ, ಸೆಪ್ಟಮ್, ಹಿಪೊಕ್ಯಾಂಪಸ್ ಭಾಗಗಳಿಗೆ ಬಹಳ ಸಣ್ಣ ಪ್ರಮಾಣದಲ್ಲಿ ಸೇರಿಸಿದಾಗ, ಹಲಗೆಯಿಂದ ಇಳಿಯದಿರುವ ಪಾಠ ಇನ್ನೂ ಚೆನ್ನಾಗಿ ನೆನಪುಳಿಯಿತು. ಮೆದುಳಿನಲ್ಲೇ ಬೆಂಜೊಡಯಾಜೆಪೈನ್‌ನಂಥ ವಸ್ತುಗಳಿವೆ, ಹೆದರಿಸುವ ಪಾಠದ ಹೊತ್ತಿನಲ್ಲಿ ಅವು ನೆನಪಿಗೆ ಸ್ವಲ್ಪ ಕಡಿವಾಣ ಹಾಕುತ್ತವೆ, ಫ್ಲುಮಜೆನಿಲ್ ಆ ಕಡಿವಾಣವನ್ನು ಬಿಚ್ಚುತ್ತದೆ ಎಂಬುದು ಅವರ ವಿವರಣೆ. ಇಂಥ ವಸ್ತುಗಳು ಮೆದುಳಿನಲ್ಲಿ ಇರುವುದಕ್ಕೆ ಆಧಾರ 1986ರಲ್ಲಿ ಸಿಕ್ಕಿತ್ತು. ಡಿ ಬ್ಲಾಸ್ ತಂಡ ದನದ ಮೆದುಳಿನಿಂದ ಬೆಂಜೊಡಯಾಜೆಪೈನ್ ಒಂದನ್ನು ಬೇರ್ಪಡಿಸಿತು. 1940ರಲ್ಲಿ, ಅಂದರೆ ಸ್ಟರ್ನ್‌ಬಾಕ್ ಈ ಮದ್ದನ್ನು ತಯಾರಿಸುವುದಕ್ಕೆ ಬಹಳ ಮುಂಚೆಯೇ, ಸಂಗ್ರಹಿಸಿ ಇಟ್ಟಿದ್ದ ಮನುಷ್ಯರ ಮೆದುಳುಗಳಲ್ಲೂ ಅದರಂಥ ವಸ್ತುವಿನ ಗುರುತು ಕಂಡಿತು.

ಅಮಿಗ್ಡಲಾದ ಪಾತ್ರವನ್ನು ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಜೇಮ್ಸ್ ಮೆಗಾ, ಕಾರ್ಲೋಸ್ ತೊಮಾಸ್ ಮೊದಲಾದವರು ಇನ್ನಷ್ಟು ನಿಖರಗೊಳಿಸಿದರು. 1990ರ ದಶಕದ ಮೊದಲ ವರ್ಷಗಳಲ್ಲಿ ಅವರು ಬಾದಾಮಿ ಆಕಾರದ ಈ ಪುಟ್ಟ ಭಾಗದ ಬೇರೆ ಬೇರೆ ಗುಂಪುಗಳನ್ನು ನಾಶಪಡಿಸಿ ನೋಡಿದರು. ತಳ-ಪಕ್ಕದ ಗುಂಪು ನಾಶವಾದ ಇಲಿಗಳಲ್ಲಿ ಡಯಾಜೆಪಾಮ್ ಮರೆವು ತರಲಿಲ್ಲ. ಪಕ್ಕದಲ್ಲೇ ಇರುವ ನಡು ಗುಂಪು ನಾಶವಾದಾಗ ಮರೆವು ಎಂದಿನಂತೆ ಬಂತು. ಮಿಡಜೊಲಾಮನ್ನು ಅಮಿಗ್ಡಲಾದೊಳಗೇ ಸೇರಿಸಿದಾಗ ಅಷ್ಟರಿಂದಲೇ ನೆನಪು ಕೆಟ್ಟಿತು. ಗ್ಯಾಬಾ ಕೂರುವ ತಾಣವನ್ನೇ ಅಡ್ಡಗಟ್ಟುವ ಬೈಕುಕುಲಿನ್, ನಾಳಕ್ಕೇ ಅಡ್ಡ ಬರುವ ಪಿಕ್ರೊಟಾಕ್ಸಿನ್ ಎಂಬ ಇನ್ನೆರಡು ತಡೆಮದ್ದುಗಳನ್ನು ಪಾಠವಾದ ಮೇಲೆ ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ನೆನಪು ಗಟ್ಟಿಯಾಯಿತು. ಹೆಚ್ಚು ಪ್ರಮಾಣದಲ್ಲಿ ಇವು ಸೆಳೆತ ತರುವ ವಿಷಗಳು. ಮನುಷ್ಯರ ನೆನಪು ಹೆಚ್ಚಿಸಲು ಬಳಸುವಂಥವಲ್ಲ.

ಅಮಿಗ್ಡಲಾದ ಗುಂಪುಗಳ ನಡುವಿನ ಈ ಭೇದ ಓಡಿ ತಪ್ಪಿಸಿಕೊಳ್ಳುವ ಕಲಿಕೆಯಲ್ಲೂ ಕಂಡಿದೆ. ನ್ಯೂಯಾರ್ಕಿನಲ್ಲಿ ಜೋಸೆಫ್ ಲೆಡೂ ಮತ್ತು ಸಂಗಡಿಗರು 2010ರಲ್ಲಿ ವರದಿ ಮಾಡಿದ ಪ್ರಕಾರ, ಪಕ್ಕದ ಮತ್ತು ತಳದ ಗುಂಪುಗಳಿಗೆ ಗಾಯವಾದರೆ ಇಲಿ ಓಡಿ ತಪ್ಪಿಸಿಕೊಳ್ಳಲು ಕಲಿಯುವುದಿಲ್ಲ. ಹೆಪ್ಪುಗಟ್ಟುವ ನಡೆಯನ್ನು ಹೊರಡಿಸುವ ನಡು ಗುಂಪಿಗೆ ಗಾಯವಾದರೆ, ಅದುವರೆಗೆ ಕಲಿಯದೆ ಮುದುರಿ ಕೂತಿದ್ದ ಇಲಿಯೂ ಓಡಲು ತೊಡಗುತ್ತದೆ. ಸಣ್ಣ ಪ್ರಮಾಣದ ಆತಂಕದ ಮದ್ದು ಷಟಲ್ ಪೆಟ್ಟಿಗೆಯಲ್ಲಿ ಏಕೆ ನೆರವಾಗುತ್ತದೆ ಎಂಬ ಹಳೆಯ ವಿವರಣೆಗೆ ಇದು ನರಜಾಲದ ಮಟ್ಟದಲ್ಲಿ ಸಿಕ್ಕ ಬೆಂಬಲ.

ಮದ್ದಿನ ಒಳ್ಳೆಯ ಗುಣವನ್ನು ಕೆಟ್ಟ ಗುಣದಿಂದ ಬೇರ್ಪಡಿಸಬಹುದೇ ಎಂಬುದು ಮುಂದಿನ ಪ್ರಶ್ನೆ. ಗ್ಯಾಬಾ ಗ್ರಾಹಕದ ಆಲ್ಫಾ ತುಂಡಿನಲ್ಲಿ ಹಲವು ಬಗೆಯಿದ್ದು, ಡಯಾಜೆಪಾಮ್ ಅವುಗಳಲ್ಲಿ ನಾಲ್ಕರ ಮೇಲೆ ಕೆಲಸ ಮಾಡುತ್ತದೆ. ಜ್ಯೂರಿಕ್‌ನಲ್ಲಿ ಉವೆ ರುಡಾಲ್ಫ್, ಹನ್ಸ್ ಮೋಲರ್ ಮತ್ತು ಸಂಗಡಿಗರು 1999ರಲ್ಲಿ ಒಂದು ಚಿಟ್ಟಿಲಿ ತಳಿಯನ್ನು ರೂಪಿಸಿದರು. ಅದರ ಆಲ್ಫಾ-1 ತುಂಡಿನ 101ನೆಯ ಸ್ಥಾನದ ಒಂದು ಅಮೈನೋ ಆಮ್ಲವನ್ನು ಬದಲಿಸಿದ್ದರಿಂದ ಡಯಾಜೆಪಾಮ್ ಅಲ್ಲಿ ನಾಟುತ್ತಿರಲಿಲ್ಲ. ಈ ಚಿಟ್ಟಿಲಿಗಳಿಗೆ ಡಯಾಜೆಪಾಮ್ ಕೊಟ್ಟಾಗ ಮಂಪರು ಬರಲಿಲ್ಲ, ಸುಮ್ಮನಿದ್ದು ತಪ್ಪಿಸಿಕೊಳ್ಳುವ ಪಾಠ ಮರೆಯಲಿಲ್ಲ. ಆದರೆ ಆತಂಕ ಮಾತ್ರ ಇಳಿಯಿತು. ಮರುವರ್ಷ ಅದೇ ತಂಡ ಆತಂಕ ಇಳಿಸುವ ಕೆಲಸ ಆಲ್ಫಾ-2ರದ್ದು ಎಂದು ತೋರಿಸಿತು. ಇಲಿಗಳಲ್ಲಿ ಇದನ್ನೇ ತಡೆಮದ್ದಿನಿಂದ ಪರೀಕ್ಷಿಸಿದವರು ಬೆಲ್‌ಗ್ರೇಡಿನ ಮಿರೊಸ್ಲಾವ್ ಸಾವಿಚ್ ಮತ್ತು ಸಂಗಡಿಗರು. ಎಲ್ಲ ಬಗೆಯನ್ನೂ ತಡೆಯುವ ಫ್ಲುಮಜೆನಿಲನ್ನೂ, ಮುಖ್ಯವಾಗಿ ಆಲ್ಫಾ-1ನ್ನು ಮಾತ್ರ ತಡೆಯುವ ಬೀಟಾ-ಸಿಸಿಟಿ ಎಂಬ ಸಂಯುಕ್ತವನ್ನೂ ಅವರು ಹೋಲಿಸಿ 2005ರಲ್ಲಿ ಎರಡೂ ಬಗೆಯ ತಪ್ಪಿಸಿಕೊಳ್ಳುವ ಪರೀಕ್ಷೆಗಳ ಫಲಿತಾಂಶ ಪ್ರಕಟಿಸಿದರು. ಮಿಡಜೊಲಾಮ್ ತರುವ ಮರೆವಿನಲ್ಲಿ ಆಲ್ಫಾ-1ಕ್ಕೆ ದೊಡ್ಡ ಪಾಲಿದೆ ಎಂಬ ಮಾತಿಗೆ ಇಲಿಯಲ್ಲೂ ಆಧಾರ ಸಿಕ್ಕಿತು.

ಇಂಥ ಪ್ರಯೋಗಗಳನ್ನು ಓದುವಾಗ ಕೆಲವು ಎಚ್ಚರಿಕೆ ಬೇಕು. ಮದ್ದು ಇಲಿಯ ನೋವನ್ನೇ ಕಡಿಮೆ ಮಾಡಿದ್ದರೆ ಮರುದಿನ ಅದು ಕತ್ತಲೆಗೆ ನುಗ್ಗುವುದು ಮರೆವಿನಿಂದಲ್ಲ. ಮದ್ದಿನಿಂದ ಓಡಾಟ ಹೆಚ್ಚಿದ್ದರೆ ಷಟಲ್ ಪೆಟ್ಟಿಗೆಯಲ್ಲಿ ಕಲಿಯದೆಯೂ ಅಂಕ ಏರುತ್ತದೆ. ಆದ್ದರಿಂದ ಇಲಿ ಎಷ್ಟು ಪ್ರಮಾಣದ ಶಾಕಿಗೆ ಬೆಚ್ಚುತ್ತದೆ, ಗಂಟೆ ಇಲ್ಲದಾಗ ಎಷ್ಟು ಸಲ ಆಚೀಚೆ ದಾಟುತ್ತದೆ ಎಂಬುದನ್ನೂ ಅಳೆಯಬೇಕು. ಪ್ರಾಣಿಗಳಿಗೆ ನೋವು ಕೊಡುವ ಈ ಪ್ರಯೋಗಗಳಿಗೆ ಕಾನೂನಿನ ಕಟ್ಟುಪಾಡೂ ಇದೆ. ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಮತ್ತು ಅದರಡಿ ಬಂದ 1998ರ ನಿಯಮಗಳ ಪ್ರಕಾರ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಇವನ್ನು ನಡೆಸುವಂತಿಲ್ಲ.

ಈ ಅರಿವು ಚಿಕಿತ್ಸೆಗೆ ಎರಡು ಕಡೆಯಿಂದ ಒದಗಿದೆ. ಫ್ಲುಮಜೆನಿಲ್ ಇಂದು ಆಸ್ಪತ್ರೆಯ ಮದ್ದು. ಎಂಡೊಸ್ಕೊಪಿಯಂಥ ಪರೀಕ್ಷೆಗೆ ಮಿಡಜೊಲಾಮ್ ಕೊಟ್ಟು ಮಂಪರು ತರಿಸಿದವರನ್ನು ಬೇಗ ಎಚ್ಚರಗೊಳಿಸಲು, ಬೆಂಜೊಡಯಾಜೆಪೈನ್ ಅತಿಯಾದವರಿಗೆ ಚಿಕಿತ್ಸೆ ಕೊಡಲು ಅದನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಅದರ ಪ್ರಭಾವ ಸುಮಾರು ಒಂದು ಗಂಟೆಯಲ್ಲಿ ಇಳಿಯುವುದರಿಂದ, ಒಳಗಿರುವ ಮದ್ದು ದೀರ್ಘ ಕಾಲದ್ದಾಗಿದ್ದರೆ ಮಂಪರು ಮರಳಿ ಬರುತ್ತದೆ. ವರ್ಷಗಟ್ಟಲೆ ಆತಂಕದ ಮಾತ್ರೆ ನುಂಗಿ ಅದಕ್ಕೆ ಒಗ್ಗಿಹೋದವರಿಗೆ ಫ್ಲುಮಜೆನಿಲ್ ಕೊಟ್ಟರೆ ಸೆಳೆತ ಬರುವ ಅಪಾಯವಿದೆ.

ಇನ್ನೊಂದು ಕಡೆ, ಹೆದರಿಕೆಯನ್ನು ಕಳೆಯುವ ಚಿಕಿತ್ಸೆಯೂ ಒಂದು ಕಲಿಕೆಯೇ. ಹೆದರಿಸುವ ವಸ್ತುವಿನ ಎದುರು ಮತ್ತೆ ಮತ್ತೆ ನಿಂತು, ಏನೂ ಆಗುವುದಿಲ್ಲ ಎಂದು ರೋಗಿ ಕಲಿಯಬೇಕಾಗುತ್ತದೆ. ಮಾರ್ಕ್ ಬೌಟನ್ ಮತ್ತು ಸಂಗಡಿಗರು 1990ರಲ್ಲಿ ಇಲಿಗಳಲ್ಲಿ ಕಂಡದ್ದು ಇಲ್ಲಿ ಪ್ರಸ್ತುತ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಒಳಗಿರುವಾಗ ಹೆದರಿಕೆ ಕಳೆದುಕೊಂಡ ಇಲಿಗಳಲ್ಲಿ, ಮದ್ದು ಇಳಿದ ಮೇಲೆ ಹೆದರಿಕೆ ಮರಳಿತು. ಲಂಡನ್ ಮತ್ತು ಟೊರಾಂಟೊ ನಗರಗಳಲ್ಲಿ ಗುಂಪು-ಬಯಲುಗಳ ಭೀತಿಯ ರೋಗಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಎದುರಿಸುವ ಅಭ್ಯಾಸದ ಜೊತೆಗೆ ಅಲ್ಪ್ರಜೋಲಾಮ್ ಎಂಬ ಬೆಂಜೊಡಯಾಜೆಪೈನ್ ತೆಗೆದುಕೊಂಡವರ ಸುಧಾರಣೆ ಮಾತ್ರೆ ನಿಲ್ಲಿಸಿದ ಮೇಲೆ ಉಳಿಯಲಿಲ್ಲ. ಮದ್ದಿಲ್ಲದೆ ಅಭ್ಯಾಸ ಮಾಡಿದವರದು ಹೆಚ್ಚು ಉಳಿಯಿತು. ಆತಂಕದ ಮಾತ್ರೆಯನ್ನು ಅಲ್ಪ ಕಾಲಕ್ಕೆ, ವೈದ್ಯರ ನಿಗಾದಲ್ಲಿ, ಅದು ಕಲಿಕೆಗೆ ಅಡ್ಡ ಬಾರದ ಹಾಗೆ ಬಳಸಬೇಕು ಎಂಬ ಸಲಹೆಯ ಹಿಂದೆ ಇಲಿ ಮತ್ತು ಮನುಷ್ಯ ಇಬ್ಬರಿಂದಲೂ ಸಿಕ್ಕ ಈ ಆಧಾರಗಳಿವೆ.